ಕಳೆ ತುಂಬಿದ ನೀರು, ಪುಟ್ಟ ಕರೆಂಟ್ ಮೋಟಾರು: ಓದುಗರ ಪ್ರಶ್ನೆಗೆ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ನಾಲ್ಕು ಒಂದೇ ವಿಷಯದ್ದು. ದೋಣಿಗೆ ಹಾಕುವ ಬ್ಯಾಟರಿ ಮೋಟಾರು, ಅಂದರೆ ಟ್ರೋಲಿಂಗ್ ಮೋಟಾರು, ಕಳೆ ಇರುವ ಕಡೆ ಕೈ ಕೊಡುತ್ತದೆ ಅನ್ನೋದು. ಹಾಗಾಗಿ ನಾಲ್ಕನ್ನೂ ಒಟ್ಟಿಗೆ ತೆಗೆದುಕೊಂಡಿದ್ದೇನೆ.

ಪ್ರಶ್ನೆ: ನಾವು ಅಮೆರಿಕದ ಮಿನೆಸೋಟಾದಲ್ಲಿ ಇದ್ದೇವೆ. ಮೀನು ಹಿಡಿಯೋದಕ್ಕೆ ಅಂತ 12 ಅಡಿಯ ಚಪ್ಪಟೆ ತಳದ ಅಲ್ಯೂಮಿನಿಯಂ ದೋಣಿ, 30 ಪೌಂಡ್ ತಳ್ಳುವ ಬಲದ ಮೋಟಾರು ತಗೊಂಡೆವು. ಮೇ ತಿಂಗಳಲ್ಲಿ ಸಲೀಸಾಗಿ ಓಡಿತು. ಜುಲೈ ಬಂದ ಮೇಲೆ ದಡ ಬಿಟ್ಟು ಸ್ವಲ್ಪ ದೂರ ಹೋಗುವಷ್ಟರಲ್ಲಿ ಕಳೆ ಸುತ್ತಿಕೊಂಡು ನಿಲ್ಲುತ್ತದೆ. ನೀರು ಎರಡೇ ಅಡಿ. ಮಗ 55 ಪೌಂಡಿನದ್ದು ತಗೊಳ್ಳೋಣ ಅಂತಾನೆ. ತಗೋಬಹುದಾ?
— ಒಬ್ಬ ಓದುಗರು, ಮಿನೆಸೋಟಾ

ಉತ್ತರ: ಬೇಡ. ದುಡ್ಡು ಉಳಿಸಿ.

ಮೊದಲು ಲೆಕ್ಕ ನೋಡೋಣ. ದೋಣಿ, ಸಾಮಾನು, ಜನ ಎಲ್ಲ ಸೇರಿದ ತೂಕದಲ್ಲಿ ಪ್ರತಿ 45 ಕೆ.ಜಿ.ಗೆ 2 ಪೌಂಡ್ ತಳ್ಳುವ ಬಲ ಇದ್ದರೆ ಸಾಕು ಅನ್ನೋದು ಎಲ್ಲರೂ ಬಳಸುವ ಅಂದಾಜು. ನಿಮ್ಮ ದೋಣಿ, ಇಬ್ಬರು ಜನ, ಬ್ಯಾಟರಿ, ಗಾಳ, ಲೈಫ್ ಜಾಕೆಟ್ಟು ಎಲ್ಲ ಸೇರಿ 270 ಕೆ.ಜಿ. ಅಂತಿಟ್ಟುಕೊಳ್ಳಿ. 12 ಪೌಂಡ್ ಸಾಕು. ನಿಮ್ಮ ಹತ್ತಿರ 30 ಇದೆ. ಬಲ ಕಡಿಮೆಯಾಗಿ ದೋಣಿ ನಿಂತಿದ್ದಲ್ಲ. ಪ್ರೊಪೆಲ್ಲರಿಗೆ ಕಳೆ ಸುತ್ತಿ, ಅದು ನೀರನ್ನು ಹಿಡಿಯೋದನ್ನೇ ಬಿಟ್ಟಿದೆ. 55 ಪೌಂಡಿನ ಮೋಟಾರು ಹಾಕಿದರೆ ಅದೇ ಕಳೆಯನ್ನು ಇನ್ನೂ ಬಿಗಿಯಾಗಿ ಸುತ್ತಿಕೊಳ್ಳುತ್ತದೆ, ಪೂರ್ತಿ ವೇಗದಲ್ಲಿ 30ರ ಬದಲು ಸುಮಾರು 50 ಆಂಪ್ ಕರೆಂಟು ಎಳೆಯುತ್ತದೆ, ಅದಕ್ಕೆ ದೊಡ್ಡ ಬ್ಯಾಟರಿ ಬೇಕು, ಬ್ಯಾಟರಿ ದೊಡ್ಡದಾದರೆ ದೋಣಿ ಇನ್ನಷ್ಟು ಕೆಳಗೆ ಕೂರುತ್ತದೆ, ಎರಡಡಿ ನೀರಿನಲ್ಲಿ ಅದೂ ಒಂದು ತೊಂದರೆ.

ಮೇ ತಿಂಗಳಿಗೂ ಜುಲೈಗೂ ಯಾಕೆ ಇಷ್ಟು ವ್ಯತ್ಯಾಸ ಅಂದರೆ, ನಿಮ್ಮ ಕಡೆಯ ಸರೋವರಗಳಲ್ಲಿ ಯುರೇಷಿಯನ್ ವಾಟರ್‌ಮಿಲ್‌ಫಾಯಿಲ್ ಅನ್ನೋ ಹೊರಗಿನ ಕಳೆ ಇದೆ. ಮಿನೆಸೋಟಾದಲ್ಲಿ ಇದು ಮೊದಲು ಸಿಕ್ಕಿದ್ದು 1987ರಲ್ಲಿ, ಲೇಕ್ ಮಿನೆಟೊಂಕಾದಲ್ಲಿ. ಬೇಸಿಗೆಯ ನಡುವಿನ ಹೊತ್ತಿಗೆ ಇದು ತಳದಿಂದ ನೀರಿನ ಮೇಲ್ಮೈ ತನಕ ಬೆಳೆದು, ಅಲ್ಲಿ ಅಡ್ಡಡ್ಡ ಹರಡಿ ಚಾಪೆಯಾಗುತ್ತದೆ. ದಂಟು ತೆಳ್ಳಗೆ, ಉದ್ದ, ಸುಲಭವಾಗಿ ಬಳುಕುತ್ತದೆ. ತಕಲಿಗೆ ನೂಲು ಸುತ್ತಿದ ಹಾಗೆ ಪ್ರೊಪೆಲ್ಲರಿನ ಬುಡಕ್ಕೆ ಸುತ್ತಿಕೊಳ್ಳುವುದು ಇಂಥದ್ದೇ. ಇನ್ನೊಂದು ಕಳೆ, ಕರ್ಲಿ-ಲೀಫ್ ಪಾಂಡ್‌ವೀಡ್, ಅದರ ಕಥೆ ಉಲ್ಟಾ. ಚಳಿಗಾಲದಲ್ಲಿ ಹಿಮದ ಕೆಳಗೇ ಬೆಳೆಯುತ್ತಾ, ಮೇ ಜೂನ್‌ನಲ್ಲಿ ದಟ್ಟವಾಗಿ, ಜುಲೈ ಹೊತ್ತಿಗೆ ಸತ್ತು ತೇಲುತ್ತದೆ. ನಿಮ್ಮ ಸರೋವರದಲ್ಲಿ ಯಾವುದು ಇದೆ ಅಂತ ಒಂದು ದಂಟು ಎತ್ತಿ ನೋಡಿ. ಯಾವ ತಿಂಗಳಲ್ಲಿ ಎಲ್ಲಿ ದಾರಿ ಇರುತ್ತದೆ ಅನ್ನೋದು ಅದರ ಮೇಲೆ ನಿಂತಿದೆ.

ಈಗ ಮೋಟಾರು ಇಳಿಸುವ ಆಳ. ಬಹಳ ಜನ ಇದನ್ನು ಒಂದು ಸಲ ಕೂರಿಸಿ ಮರೆತುಬಿಡುತ್ತಾರೆ. ಆಳದ ನೀರಲ್ಲಿ ಪ್ರೊಪೆಲ್ಲರ್ ಎಷ್ಟು ಕೆಳಗಿದ್ದರೆ ಅಷ್ಟು ಒಳ್ಳೆಯದು, ಸರಿ. ಆದರೆ ಎರಡಡಿ ನೀರಿನಲ್ಲಿ ಕಂಬವನ್ನು ಪೂರ್ತಿ ಇಳಿಸಿದರೆ ಅದರ ಕೆಳಗಿನ ರೆಕ್ಕೆ ಕೆಸರಿಗೆ ತಾಗುತ್ತದೆ, ಪ್ರೊಪೆಲ್ಲರ್ ಕಳೆಯ ಬುಡದಲ್ಲೇ ತಿರುಗುತ್ತದೆ. ಕಂಬದ ಮೇಲಿನ ತಿರುಪು ಸಡಿಲಿಸಿ, ಮೋಟಾರನ್ನು ಮೇಲಕ್ಕೆ ಎಳೆದುಕೊಳ್ಳಿ. ಬ್ಲೇಡಿನ ಮೇಲಿನ ತುದಿ ನೀರಿಗಿಂತ ನಾಲ್ಕಾರು ಇಂಚಾದರೂ ಕೆಳಗಿರಲಿ. ಅದಕ್ಕಿಂತ ಮೇಲೆ ಬಂದರೆ ಗಾಳಿ ಎಳೆದುಕೊಂಡು ಬುಳುಬುಳು ಅನ್ನುತ್ತದೆ, ಸದ್ದು ಜೋರಾಗುತ್ತದೆ, ದೋಣಿ ಮಾತ್ರ ಮುಂದೆ ಹೋಗುವುದಿಲ್ಲ. ಹಾಗಾದರೆ ಮೊದಲು ವೇಗ ಇಳಿಸಿ ನೋಡಿ. ವೇಗ ಕಮ್ಮಿ ಇದ್ದಾಗ ಪ್ರೊಪೆಲ್ಲರ್ ಮೇಲ್ಮೈಗೆ ಹತ್ತಿರ ಇದ್ದರೂ ಗಾಳಿ ಎಳೆಯೋದು ಕಡಿಮೆ.

ದೋಣಿಯ ಹಿಂಭಾಗ ಮುಳುಗಿದ್ದರೆ ಇಷ್ಟೆಲ್ಲ ಮಾಡಿಯೂ ಪ್ರಯೋಜನ ಇಲ್ಲ. ಓಡಿಸುವವರು ಹಿಂದೆ, ಮೋಟಾರು ಹಿಂದೆ, 28 ಕೆ.ಜಿ.ಯ ಬ್ಯಾಟರಿಯೂ ಹಿಂದೆ, ಹೀಗಿದ್ದರೆ ಮೂತಿ ಮೇಲೆದ್ದು ಹಿಂಭಾಗ ಕಳೆಯನ್ನು ಉಳುತ್ತಾ ಹೋಗುತ್ತದೆ. ಬ್ಯಾಟರಿಯನ್ನು ಮುಂದಕ್ಕೆ ಸರಿಸಿ. ಅದಕ್ಕೆ ಉದ್ದ ವೈರು ಬೇಕು, ವೈರು ದಪ್ಪ ಇರಲೇಬೇಕು. ನಾಲ್ಕು ಮೀಟರ್ ದೂರಕ್ಕೆ 6 ಚದರ ಮಿ.ಮೀ. ವೈರು ಹಾಕಿದರೆ, 30 ಆಂಪಿನಲ್ಲಿ ಹೋಗಿ ಬರುವ ದಾರಿಯಲ್ಲೇ ಮುಕ್ಕಾಲು ವೋಲ್ಟ್ ಕಳೆದುಹೋಗುತ್ತದೆ. 16 ಚದರ ಮಿ.ಮೀ. ಹಾಕಿದರೆ ಕಾಲು ವೋಲ್ಟಿನ ಆಸುಪಾಸು ಅಷ್ಟೇ. 12 ವೋಲ್ಟಿನ ಮೋಟಾರಿಗೆ ಇದು ಸಣ್ಣ ವ್ಯತ್ಯಾಸ ಅಲ್ಲ.

ಓಡಿಸುವ ರೀತಿಗೆ ಬರೋಣ. ಕಳೆಯ ಒಳಗೆ ಒಂದೇ ಸಮನೆ ಓಡಿಸಬೇಡಿ. ಸ್ವಲ್ಪ ಓಡಿಸಿ, ನಿಲ್ಲಿಸಿ, ದೋಣಿ ತಾನಾಗಿ ಜಾರಲಿ, ಮತ್ತೆ ಸ್ವಲ್ಪ. ಕಿವಿ ಮೋಟಾರಿನ ಕಡೆ ಇರಲಿ. ಸದ್ದು ದಪ್ಪ ಆಯಿತು, ದೋಣಿ ನಿಧಾನ ಆಯಿತು ಅಂದರೆ ಕಳೆ ಸುತ್ತಲು ಶುರುವಾಗಿದೆ. ಆ ಕ್ಷಣವೇ ನಿಲ್ಲಿಸಿ ಒಂದೆರಡು ಸೆಕೆಂಡು ರಿವರ್ಸ್ ಕೊಡಿ. ಆಗಷ್ಟೇ ಸುತ್ತಿದ ಕಳೆ ಬಹುಪಾಲು ಹಾಗೇ ಬಿಚ್ಚಿ ಹೋಗುತ್ತದೆ. ಇನ್ನೂ ಸ್ವಲ್ಪ ದೂರ ಹೋಗಲಿ ನೋಡೋಣ ಅಂತ ಬಿಟ್ಟರೆ ಅದು ಹಗ್ಗದಷ್ಟು ಗಟ್ಟಿಯಾಗಿ, ಆಮೇಲೆ ಚಾಕು ಹಿಡಿದೇ ಕೂರಬೇಕು. ಕಳೆಯ ಪಟ್ಟಿ ಅಗಲ ಕಡಿಮೆ ಇದ್ದರೆ ಇನ್ನೂ ಸುಲಭ: ತೆರೆದ ನೀರಿನಲ್ಲಿ ವೇಗ ತಗೊಂಡು, ಕಳೆಯ ಅಂಚಿಗೆ ಬಂದ ಕೂಡಲೇ ಮೋಟಾರು ನಿಲ್ಲಿಸಿ ಮೇಲೆತ್ತಿ, ಆ ಓಟದಲ್ಲೇ ದಾಟಿ, ಆಚೆ ಕಡೆ ಇಳಿಸಿ. ಪಟ್ಟಿ ಅಗಲವಾಗಿದ್ದರೆ ಮೋಟಾರು ಎತ್ತಿಟ್ಟು ಉದ್ದನೆಯ ಗಳದಿಂದ ತಳ್ಳಿಕೊಂಡು ಹೋಗಿ. ಇದರಲ್ಲಿ ಸೋಲು ಅನ್ನುವಂಥದ್ದೇನೂ ಇಲ್ಲ. ನಿಮ್ಮ ರಾಜ್ಯದಲ್ಲಿ ಕಾಡುಭತ್ತ ಕೊಯ್ಯುವವರು, ಆಗಸ್ಟ್ ಕೊನೆ ಸೆಪ್ಟೆಂಬರ್‌ನಲ್ಲಿ, ಸಪೂರ ಕ್ಯಾನೂವಿನಲ್ಲಿ ನಿಂತು ಗಳ ಊರಿಯೇ ಆ ದಟ್ಟಣೆಯಲ್ಲಿ ಸಾಗೋದು. ಕೊಯ್ಲಿಗೆ ಮೋಟಾರು ಬಳಸುವ ಹಾಗೆಯೇ ಇಲ್ಲ, ಕಾನೂನೇ ಹಾಗಿದೆ. ಕಾಡುಭತ್ತದ ಪೈರು ಕಂಡರೆ ನೀವೂ ಮೋಟಾರು ಇಳಿಸದೆ ದೂರ ಸುತ್ತಿ ಹೋಗಿ. ಅಲ್ಲಿನ ಮೂಲನಿವಾಸಿಗಳಾದ ಒಜಿಬ್ವೆ ಜನಕ್ಕೆ ಅದು ಬರೀ ಊಟ ಅಲ್ಲ.

ಗಾಳಿಯ ದಿಕ್ಕನ್ನೂ ನೋಡಿ. ತುಂಡಾದ ಕಳೆ ಎಲ್ಲ ಗಾಳಿ ಬೀಸಿ ತಾಗುವ ದಡಕ್ಕೆ ಬಂದು ರಾಶಿ ಬೀಳುತ್ತದೆ. ದೋಣಿ ಇಳಿಸಲು ಎರಡು ಜಾಗ ಇದ್ದರೆ ಆವತ್ತು ಇನ್ನೊಂದನ್ನು ಬಳಸಿ.

ಕೊನೆಗೆ ದಯವಿಟ್ಟು ಒಂದು ಮಾತು. ಮಿಲ್‌ಫಾಯಿಲ್ ಬೀಜಕ್ಕಿಂತ ಜಾಸ್ತಿ ತುಂಡಿನಿಂದ ಹರಡುತ್ತದೆ. ನಿಮ್ಮ ಪ್ರೊಪೆಲ್ಲರ್ ಕತ್ತರಿಸಿದ ಸಣ್ಣ ತುಂಡು ಸಾಕು, ಬೇರು ಬಿಟ್ಟು ಹೊಸ ಗಿಡವಾಗುತ್ತದೆ. ಆದ್ದರಿಂದ ಕಳೆ ಇರುವ ಕಡೆ ಸುಮ್ನೆ ಮೋಟಾರು ತಿರುಗಿಸುತ್ತಾ ಇರಬೇಡಿ, ಕೈಯಲ್ಲಿ ಬಿಡಿಸಿದ ಕಳೆಯನ್ನು ನೀರಿಗೆ ಎಸೆಯದೆ ಬಕೆಟ್ಟಿಗೆ ಹಾಕಿ. ವಾಪಸ್ ಹೊರಡುವ ಮುಂಚೆ ಮೋಟಾರಿನ ಕಂಬ, ಆಂಕರ್, ಟ್ರೇಲರ್ ಎಲ್ಲ ಕಡೆಯ ಕಳೆ ಕಿತ್ತು, ದೋಣಿಯ ತಳದ ಬಿರಡೆ ತೆಗೆದು ನೀರು ಬಸಿದು, ಬಿರಡೆ ತೆಗೆದಿಟ್ಟುಕೊಂಡೇ ರಸ್ತೆಗೆ ಇಳಿಯಬೇಕು ಅನ್ನೋದು ಮಿನೆಸೋಟಾದ ಕಾನೂನು. ಝೀಬ್ರಾ ಮಸಲ್ ಅನ್ನೋ ಚಿಪ್ಪುಹುಳುವೂ ಕಳೆಗೆ ಅಂಟಿಕೊಂಡೇ ಒಂದು ಸರೋವರದಿಂದ ಇನ್ನೊಂದಕ್ಕೆ ಹೋಗೋದು. ಇನ್ನೊಂದು, ಮೋಟಾರು ಬ್ಯಾಟರಿಯದ್ದೇ ಆದರೂ ದೋಣಿಯ ನೋಂದಣಿ ಆಗಬೇಕು. ಮಾಡಿಸಿಲ್ಲದಿದ್ದರೆ ಮೊದಲು ಅದನ್ನು ಮಾಡಿಸಿ.

ಪ್ರಶ್ನೆ: ಕಳೆಯಲ್ಲಿ ಹತ್ತು ನಿಮಿಷ ಓಡಿಸಿದರೆ ಬ್ರೇಕರ್ ಬಿದ್ದು ಮೋಟಾರು ನಿಲ್ಲುತ್ತದೆ. ಸ್ವಲ್ಪ ಹೊತ್ತು ಬಿಟ್ಟು ಹಾಕಿದರೆ ಓಡುತ್ತದೆ, ಮತ್ತೆ ಬೀಳುತ್ತದೆ. ಅಂಗಡಿಯವರು ದೊಡ್ಡ ಬ್ರೇಕರ್ ಹಾಕಿಸಿ ಅಂದರು. ಹಾಕಿಸಲಾ?
— ಕನ್ನಡಿಗರೊಬ್ಬರು, ಒಂಟಾರಿಯೊ, ಕೆನಡಾ

ಉತ್ತರ: ಖಂಡಿತ ಹಾಕಿಸಬೇಡಿ. ನಿಮ್ಮ ಬ್ರೇಕರ್ ತನ್ನ ಕೆಲಸ ತಾನು ಸರಿಯಾಗಿ ಮಾಡುತ್ತಿದೆ.

ಈ ಮೋಟಾರು ಸರಾಗವಾಗಿ ತಿರುಗುತ್ತಿದ್ದಾಗ ತಾನೇ ಒಂದು ಎದುರು ವೋಲ್ಟೇಜ್ ಹುಟ್ಟಿಸುತ್ತದೆ, ಅದು ಬ್ಯಾಟರಿಯಿಂದ ಬರುವ ಕರೆಂಟನ್ನು ಹಿಡಿತದಲ್ಲಿ ಇಡುತ್ತದೆ. ಕಳೆ ಸುತ್ತಿ ತಿರುಗುವುದು ನಿಧಾನ ಆಯಿತು ಅಂದರೆ ಆ ತಡೆ ಕಡಿಮೆಯಾಗಿ ಕರೆಂಟು ಏರುತ್ತದೆ. ಪೂರ್ತಿ ಸಿಕ್ಕಿಹಾಕಿಕೊಂಡು ನಿಂತರೆ ಎಲ್ಲಕ್ಕಿಂತ ಜಾಸ್ತಿ ಕರೆಂಟು ಹರಿಯುವುದು ಆಗಲೇ, ಅಷ್ಟೂ ಬಿಸಿಯಾಗಿ ಹೋಗುತ್ತದೆ. ದೊಡ್ಡ ಬ್ರೇಕರ್ ಹಾಕಿದರೆ ಬೀಳುವುದು ನಿಲ್ಲಬಹುದು, ಆದರೆ ಆ ಬಿಸಿಯನ್ನು ವೈರು, ಕನೆಕ್ಟರು, ಮೋಟಾರಿನ ಸುರುಳಿ ತಡೆದುಕೊಳ್ಳಬೇಕು. ದೋಣಿಯಲ್ಲಿ ವೈರು ಹೊತ್ತಿಕೊಂಡರೆ ಓಡಿಹೋಗಲು ಜಾಗ ಇಲ್ಲ. ಮೋಟಾರಿನ ಕೈಪಿಡಿಯಲ್ಲಿ ಎಷ್ಟು ಆಂಪಿನ ಬ್ರೇಕರ್ ಅಂತ ಬರೆದಿದೆಯೋ ಅಷ್ಟೇ ಇರಲಿ, ಸಣ್ಣ ಮೋಟಾರುಗಳಿಗೆ ಸಾಮಾನ್ಯವಾಗಿ 50 ಇಲ್ಲವೇ 60. ಅದೂ ಬ್ಯಾಟರಿಗೆ ಹತ್ತಿರ, ಪ್ಲಸ್ ವೈರಿನಲ್ಲಿ.

ಬದಲಿಗೆ ಪ್ರೊಪೆಲ್ಲರ್ ಬಿಚ್ಚಿ ನೋಡಿ. ಮೊದಲು ಬ್ಯಾಟರಿಯ ವೈರು ತೆಗೆಯಿರಿ, ಸ್ವಿಚ್ಚು ಆಫ್ ಇದೆ ಅಂತ ನಂಬಿ ಕೈ ಹಾಕಬೇಡಿ. ಒಂದು ಕೈಯಲ್ಲಿ ಬ್ಲೇಡ್ ಹಿಡಿದು ಇನ್ನೊಂದು ಕೈಯಲ್ಲಿ ತುದಿಯ ನಟ್ಟು ಸಡಿಲಿಸಿ. ನಟ್ಟು, ವಾಷರ್ ಬಂದ ಮೇಲೆ ಪ್ರೊಪೆಲ್ಲರನ್ನು ನೇರವಾಗಿ ಎಳೆಯಿರಿ. ಒಳಗೆ ಶಾಫ್ಟಿಗೆ ಅಡ್ಡ ಒಂದು ಸಣ್ಣ ಪಿನ್ನು ಇರುತ್ತದೆ, ಅದು ಜಾರಿ ನೀರಿಗೆ ಬೀಳದ ಹಾಗೆ ಕೆಳಗೊಂದು ಬಟ್ಟೆ ಹಾಸಿಕೊಳ್ಳಿ. ಈಗ ಶಾಫ್ಟಿನ ಬುಡ ನೋಡಿ. ಕಪ್ಪಾದ ಕಳೆಯ ಉಂಗುರದ ಒಳಗೆ, ಎಷ್ಟೋ ಸಲ, ಕಣ್ಣಿಗೆ ಸುಲಭಕ್ಕೆ ಕಾಣದ ನೈಲಾನ್ ಗಾಳದ ದಾರ ಬಿಗಿಯಾಗಿ ಸುತ್ತಿ ಸೀಲಿನ ಒಳಗೇ ಇಳಿದಿರುತ್ತದೆ. ಉಗುರಿಗೆ ತಾಗಿದಾಗಲೇ ಗೊತ್ತಾಗೋದು. ಸೀಲನ್ನು ಕೊಯ್ಯದ ಹಾಗೆ ನಿಧಾನಕ್ಕೆ ಬಿಡಿಸಿ, ಕೊನೆಯ ಎಳೆ ಬರುವ ತನಕ. ಆ ದಾರ ಸೀಲನ್ನು ತಿಂದರೆ ಮೋಟಾರಿನ ಒಳಗೆ ನೀರು ಹೋಗುತ್ತದೆ, ಆಮೇಲೆ ರಿಪೇರಿಯ ಖರ್ಚು ಹೊಸ ಮೋಟಾರಿನ ಹತ್ತಿರಕ್ಕೇ ಬರುತ್ತದೆ.

ಬ್ಲೇಡಿನ ಮುಂದಿನ ಅಂಚಿನ ಮೇಲೆ ಬೆರಳು ಆಡಿಸಿ. ಕಲ್ಲಿಗೆ ತಾಗಿ ಚೂರು ಎದ್ದಿದ್ದರೆ ಕಳೆ ಹಿಡಿದುಕೊಳ್ಳುವುದೇ ಅಲ್ಲಿ. ನಯವಾದ ಎಮರಿ ಕಾಗದದಿಂದ ಉಜ್ಜಿ ಸರಿಮಾಡಿ, ಬ್ಲೇಡ್ ಬಿರುಕು ಬಿಟ್ಟಿದ್ದರೆ ಬದಲಿಸಿ. ಕಳೆಗೆ ಅಂತಲೇ ಮಾಡಿದ ಪ್ರೊಪೆಲ್ಲರುಗಳೂ ಇವೆ: ಮಿನ್ ಕೋಟಾದವರ ವೀಡ್‌ಲೆಸ್ ವೆಜ್, ಮೋಟಾರ್‌ಗೈಡ್‌ನವರ ಮಚೆಟೆ. ವೆಜ್‌ನಲ್ಲಿ ಬ್ಲೇಡು ಎರಡೇ, ತುದಿ ಹಿಂದಕ್ಕೆ ಬಾಗಿರುತ್ತದೆ, ಕಳೆ ಅದರ ಅಂಚಿನುದ್ದಕ್ಕೂ ಜಾರಿ ಹೊರಗೆ ಹೋಗಲಿ ಅಂತ. ನಿಮ್ಮ ಮೋಟಾರಿನ ಮಾಡೆಲಿಗೆ ಹೊಂದುವುದನ್ನೇ ತಗೊಳ್ಳಿ. ವ್ಯತ್ಯಾಸ ಖಂಡಿತ ಗೊತ್ತಾಗುತ್ತದೆ, ಆದರೆ ಮೇಲೆ ಹೇಳಿದ ನಿಲ್ಲಿಸಿ ಓಡಿಸುವ ರೀತಿ ಆಗಲೂ ಬೇಕು.

ಇನ್ನೊಂದು ಸೂಚನೆ. ಮೋಟಾರು ಗುಂಯ್ ಅನ್ನುತ್ತದೆ, ದೋಣಿ ಕದಲುವುದಿಲ್ಲ ಅನ್ನುವಂತಾದರೆ ಆ ಅಡ್ಡ ಪಿನ್ನು ತುಂಡಾಗಿರುತ್ತದೆ. ಒಂದೆರಡು ಪಿನ್ನು, ಒಂದು ನಟ್ಟು, ಅದಕ್ಕೆ ಸರಿಯಾದ ಪಾನಾ ದೋಣಿಯಲ್ಲೇ ಇಟ್ಟಿರಿ. ಹುಟ್ಟು ಕೂಡ. ಕೆನಡಾದಲ್ಲಿ ಬ್ಯಾಟರಿ ಮೋಟಾರಿನ ದೋಣಿ ಓಡಿಸಲೂ ಆಪರೇಟರ್ ಕಾರ್ಡ್ ಬೇಕು, ಗೊತ್ತಿರಲಿ.

ಪ್ರಶ್ನೆ: ನಮ್ಮದು ಕೆರೆ ಮೀನುಗಾರರ ಸಂಘ. ಬೇಸಿಗೆಯಲ್ಲಿ ನೀರು ಮೂರು ನಾಲ್ಕು ಅಡಿಗೆ ಇಳಿಯುತ್ತದೆ. ಒಂದು ಕಡೆ ಜೊಂಡು, ಇನ್ನೊಂದು ಕಡೆ ಅಂತರಗಂಗೆ. ಬಲೆ ಬಿಡಲು ಹರಿಗೋಲು ಇದೆ, ಒಂದು ಸಣ್ಣ ಫೈಬರ್ ದೋಣಿಯೂ ಇದೆ. ಈ ಮೋಟಾರು ನಮಗೆ ಆಗುತ್ತಾ? ಇ-ರಿಕ್ಷಾ ಬ್ಯಾಟರಿ ಹಾಕಬಹುದಾ?
— ಸಂಘದ ಸದಸ್ಯರೊಬ್ಬರು, ತುಮಕೂರು ಜಿಲ್ಲೆ

ಉತ್ತರ: ಫೈಬರ್ ದೋಣಿಗೆ ಆಗುತ್ತದೆ. ತೆರೆದ ನೀರಿನಲ್ಲಿ ಬಲೆ ಇರುವ ಜಾಗಕ್ಕೆ ಹೋಗಿ ಬರಲು, ಬೆಳಗಿನ ಜಾವ ಎದುರು ಗಾಳಿಯಲ್ಲಿ ಹುಟ್ಟು ಹಾಕುವ ಸುಸ್ತು ತಪ್ಪಿಸಲು ಚೆನ್ನಾಗಿದೆ. ಸದ್ದಿಲ್ಲ, ಡೀಸೆಲ್ ಪೆಟ್ರೋಲ್ ನೀರಿಗೆ ಸೇರುವುದಿಲ್ಲ. ಆದರೆ ಅಂತರಗಂಗೆ ಚಾಪೆ ಕಟ್ಟಿದ ಕಡೆ ಹೋಗುತ್ತೇವೆ ಅಂತ ತಗೊಳ್ಳುವುದಾದರೆ ತಗೊಳ್ಳಬೇಡಿ. ಅದರ ಬೇರು ಗೊಂಚಲು ಗೊಂಚಲಾಗಿ ನೀರೊಳಗೆ ಇಳಿಬಿದ್ದಿರುತ್ತದೆ, ಪ್ರೊಪೆಲ್ಲರ್ ತಿರುಗುವುದು ಸರಿಯಾಗಿ ಅದರ ನಡುವೆ. ಯಾವ ಬ್ಲೇಡು ಹಾಕಿದರೂ ಅಲ್ಲಿ ನಡೆಯುವುದಿಲ್ಲ. ಹದವಾದ ಬಿಸಿಲು, ಊರಿನ ಚರಂಡಿ ನೀರು ಸಿಕ್ಕರೆ ಆ ಕಳೆ ಎರಡು ವಾರದಲ್ಲೇ ದುಪ್ಪಟ್ಟಾಗುತ್ತದೆ, ಅದನ್ನು ಎಳೆದು ದಡಕ್ಕೆ ಹಾಕುವುದು ಬೇರೆಯೇ ಕೆಲಸ, ಅದಕ್ಕೆ ಜನ ಬೇಕು, ಇಲ್ಲವೇ ದೊಡ್ಡ ಯಂತ್ರ ಬೇಕು. ಒಂದು ಕಡೆ ತೆರವು ಮಾಡಿ ದಾರಿ ಬಿಡಿಸಿಕೊಂಡರೆ ಆ ದಾರಿಯಲ್ಲಿ ಮೋಟಾರು ಓಡಿಸಿ. ಜೊಂಡಿನ ಒಳಗೆ ನಿಮ್ಮ ಬಿದಿರಿನ ಗಳಕ್ಕೆ ಸಾಟಿ ಇಲ್ಲ.

ಮೀನುಗಾರರಿಗೆ ಕಳೆಗಿಂತ ದೊಡ್ಡ ಅಪಾಯ ನಿಮ್ಮದೇ ಬಲೆ. ನೈಲಾನ್ ಬಲೆ ಪ್ರೊಪೆಲ್ಲರಿಗೆ ಸಿಕ್ಕಿದರೆ ಬಲೆಯೂ ಹೋಯಿತು, ಸೀಲೂ ಹೋಯಿತು. ಬಲೆಯ ಬೆಂಡು ಕಾಣುತ್ತಿದ್ದಂತೆ ಮೋಟಾರು ನಿಲ್ಲಿಸಿ ಮೇಲೆತ್ತಿ, ಬಲೆ ಎತ್ತಿ ಮುಗಿಯುವ ತನಕ ಇಳಿಸಬೇಡಿ. ಇದನ್ನು ಸಂಘದ ನಿಯಮ ಅಂತಲೇ ಮಾಡಿಕೊಂಡರೆ ಒಳ್ಳೆಯದು, ಯಾಕೆಂದರೆ ಮೋಟಾರು ಒಬ್ಬರ ಕೈಯಲ್ಲಿ, ಬಲೆ ಇನ್ನೊಬ್ಬರದ್ದು.

ಹರಿಗೋಲಿಗೆ ಹಾಕಲು ಯೋಚಿಸಬೇಕು. ಮೋಟಾರಿನ ಹಿಡಿ ಕೂರಲು ಚಪ್ಪಟೆಯಾದ, ಗಟ್ಟಿ ಹಲಗೆ ಬೇಕು. ಹರಿಗೋಲಿನ ಬಿದಿರು ಹೆಣಿಗೆಯ ಅಂಚು ಅದನ್ನು ತಡೆಯುವುದಿಲ್ಲ, ಸೀಳುತ್ತದೆ. ಜೊತೆಗೆ ಗುಂಡು ತಳ, ಹಿಂದಿನಿಂದ ತಳ್ಳಿದರೆ ಗಿರಗಿರ ತಿರುಗುತ್ತದೆ. ನೀವು ಹುಟ್ಟು ಹಾಕುವಾಗ ಮುಂದೆ ಕೂತು ನೀರನ್ನು ನಿಮ್ಮ ಕಡೆಗೆ ಎಳೆದುಕೊಳ್ಳುತ್ತೀರಲ್ಲ, ಮೋಟಾರೂ ಹಾಗೆ ಮುಂದಿನಿಂದ ಎಳೆಯಬೇಕಾಗುತ್ತದೆ. ಅದಕ್ಕೆ ಅಡ್ಡ ಹಲಗೆ, ಬ್ಯಾಟರಿಯ ತೂಕ, ಒಳಗೆ ಮೀನು, ಇಷ್ಟೆಲ್ಲ ಹೊತ್ತ ಹರಿಗೋಲು ಓಲಾಡುವುದು ಜಾಸ್ತಿ. ಹರಿಗೋಲನ್ನು ಹುಟ್ಟಿಗೇ ಬಿಡಿ ಅನ್ನೋದು ನನ್ನ ಅಭಿಪ್ರಾಯ.

ಬ್ಯಾಟರಿ ವಿಷಯ. ಇ-ರಿಕ್ಷಾದಲ್ಲಿ 12 ವೋಲ್ಟಿನ ನಾಲ್ಕು ಬ್ಯಾಟರಿ ಸಾಲಾಗಿ ಇರುತ್ತವೆ, ಅದರಲ್ಲಿ ಒಂದೇ ಒಂದನ್ನು ಹಾಕಬೇಕು. ನಾಲ್ಕನ್ನೂ ಜೋಡಿಸಿ 48 ವೋಲ್ಟ್ ಕೊಟ್ಟರೆ 12 ವೋಲ್ಟಿನ ಮೋಟಾರು ಸುಟ್ಟುಹೋಗುತ್ತದೆ. ನಿಧಾನವಾಗಿ ಖಾಲಿಯಾಗಿ ಮತ್ತೆ ತುಂಬುವುದಕ್ಕೇ ಮಾಡಿದ ಬ್ಯಾಟರಿ ಅದು, ಆ ಮಟ್ಟಿಗೆ ಸರಿ. ಕಾರು, ಟ್ರ್ಯಾಕ್ಟರಿನ ಬ್ಯಾಟರಿ ಬೇಡ, ಅದು ಸ್ಟಾರ್ಟ್ ಮಾಡಲು ಮಾತ್ರ, ಹೀಗೆ ಬಳಸಿದರೆ ಬೇಗ ಸಾಯುತ್ತದೆ. ಮನೆಯ ಇನ್ವರ್ಟರಿನ ಎತ್ತರದ ಬ್ಯಾಟರಿ ತಡೆಯುತ್ತದೆ, ಆದರೆ ಬಲು ಭಾರ, ದೋಣಿ ಓಲಾಡಿದರೆ ಆಸಿಡ್ ಚೆಲ್ಲುತ್ತದೆ. ಯಾವುದೇ ಇರಲಿ, ಮುಚ್ಚಳ ಇರುವ ಡಬ್ಬದಲ್ಲಿ ಕಟ್ಟಿ ಇಡಿ.

ಪ್ರಶ್ನೆ: 100 ಆಂಪ್-ಅವರ್ ಬ್ಯಾಟರಿ ಎಷ್ಟು ಹೊತ್ತು ಬರುತ್ತದೆ? ಲಿಥಿಯಂ ತಗೊಂಡರೆ ದುಡ್ಡಿಗೆ ತಕ್ಕ ಪ್ರಯೋಜನ ಇದೆಯಾ?
— ಒಬ್ಬ ಓದುಗರು, ಮೈಸೂರು

ಉತ್ತರ: ಸೀಸದ ಬ್ಯಾಟರಿ ಬಾಳಿಕೆ ಬರಬೇಕಾದರೆ ಅರ್ಧಕ್ಕಿಂತ ಕೆಳಗೆ ಇಳಿಸಬಾರದು. ಅಂದರೆ ನಿಮ್ಮ ಕೈಗೆ ಸಿಗುವುದು 50 ಆಂಪ್-ಅವರ್. ಪೂರ್ತಿ ವೇಗದಲ್ಲಿ 30 ಆಂಪ್ ಎಳೆದರೆ ಒಂದೂವರೆ ಗಂಟೆ ಅನ್ನಿ, ಜೋರಾಗಿ ಎಳೆದಷ್ಟೂ ಸೀಸದ ಬ್ಯಾಟರಿ ಕೊಡುವುದು ಕಡಿಮೆಯಾಗುವುದರಿಂದ ಅದಕ್ಕಿಂತ ಸ್ವಲ್ಪ ಮುಂಚೆಯೇ ಮುಗಿಯಬಹುದು. ಲಿಥಿಯಂ ಐರನ್ ಫಾಸ್ಫೇಟ್‌ನಲ್ಲಿ 80ರಿಂದ 90 ಬಳಸಬಹುದು, ತೂಕ 10ರಿಂದ 13 ಕೆ.ಜಿ. ಆಳ ಇಲ್ಲದ ನೀರಿನಲ್ಲಿ ಓಡಿಸುವವರಿಗೆ ನಾನು ಲಿಥಿಯಂ ಹೇಳುವುದು ಮುಖ್ಯವಾಗಿ ಈ ತೂಕಕ್ಕೆ. ಅದಕ್ಕೆ ಹೊಂದುವ ಚಾರ್ಜರ್ ಬೇರೆ ಬೇಕು, ಆ ಖರ್ಚನ್ನೂ ಸೇರಿಸಿ ಲೆಕ್ಕ ಹಾಕಿ.

ಆದರೆ ಬ್ಯಾಟರಿ ಬದಲಿಸುವ ಮುಂಚೆ ವೇಗ ಇಳಿಸಿ ನೋಡಿ. ವೇಗ ಅರ್ಧ ಮಾಡಿದರೆ ಬೇಕಾಗುವ ಶಕ್ತಿ, ಲೆಕ್ಕದ ಪ್ರಕಾರ, ಸುಮಾರು ಎಂಟರಲ್ಲಿ ಒಂದು ಭಾಗಕ್ಕೆ ಇಳಿಯುತ್ತದೆ. ವೇಗವನ್ನು ನಯವಾಗಿ ಏರಿಸಿ ಇಳಿಸುವ ಎಲೆಕ್ಟ್ರಾನಿಕ್ ಕಂಟ್ರೋಲ್ ಇರುವ ಮೋಟಾರಿನಲ್ಲಿ ಈ ಲಾಭ ಬಹುಪಾಲು ಸಿಗುತ್ತದೆ. ಐದು ಸ್ಪೀಡಿನ ಹಳೆ ಥರದ್ದರಲ್ಲಿ ಕಡಿಮೆ, ಅಲ್ಲಿ ಉಳಿದ ಕರೆಂಟು ಸುಮ್ನೆ ಬಿಸಿಯಾಗಿ ಹೋಗುತ್ತದೆ. ಕಳೆ ಇರುವ ಕಡೆ ದಿನವೂ ಓಡಿಸುವುದಾದರೆ ಲಿಥಿಯಂಗಿಂತ ಮೊದಲು ಎಲೆಕ್ಟ್ರಾನಿಕ್ ಕಂಟ್ರೋಲ್ ಇರುವ ಮೋಟಾರಿಗೆ ದುಡ್ಡು ಹಾಕಿ. ವೈರಿಗೆ ಒಂದು ಆಂಪ್ ಮೀಟರ್ ಸೇರಿಸಿಕೊಳ್ಳಿ, ದುಬಾರಿ ಏನಲ್ಲ. ಅದೇ ವೇಗದಲ್ಲಿ 12 ಇದ್ದದ್ದು 18ಕ್ಕೆ ಏರಿತು ಅಂದರೆ ಕಳೆ ಸುತ್ತಿದೆ ಅಂತ ಅರ್ಥ, ಕಿವಿಗೆ ಕೇಳುವ ಮುಂಚೆಯೇ ಅದು ಹೇಳಿರುತ್ತದೆ.